ಬಿಡುಗಡೆಯಾಗದ 1.0

2023ರ ಸೆಪ್ಟೆಂಬರಿನಲ್ಲಿ ನಮ್ಮ ಕೊಚ್ಚಿಯಲ್ಲೇ, ವಿಲ್ಲಿಂಗ್ಡನ್ ಐಲ್ಯಾಂಡಿನಿಂದ ಆಚೆ ಇನ್ಫೋಪಾರ್ಕಿನಲ್ಲಿ, ಡೆಬಿಯನ್ ಸಮ್ಮೇಳನ ನಡೆಯಿತು. ಬಿಕಾಂ ಓದಿದ ನನಗೆ ಹಿಡಿಸಿದ್ದು ಅವರ ಹೆಸರಿಡುವ ಚರಿತ್ರೆ.

1995ರಲ್ಲಿ ಸಿಡಿ ಕಂಪೆನಿಯೊಂದು ಅರ್ಧಂಬರ್ಧ ಕರಡನ್ನೇ ‘ಡೆಬಿಯನ್ 1.0’ ಎಂದು ಹಂಚಿಬಿಟ್ಟಿತು! ಜನ ಗೊಂದಲಕ್ಕೆ ಬೀಳಬಾರದೆಂದು ಡೆಬಿಯನ್ನಿನವರು ಆ ಸಂಖ್ಯೆಯನ್ನೇ ಕೈಬಿಟ್ಟು, 1996ರ ಜೂನಿನಲ್ಲಿ 1.1 ಹೊರತಂದರು. ಅದರ ಹೆಸರು ‘ಬಝ್’, ಟಾಯ್ ಸ್ಟೋರಿ ಸಿನಿಮಾದ ಗೊಂಬೆ. ಅಂದು 474 ಪ್ಯಾಕೇಜುಗಳು. 2023ರ ‘ಬುಕ್‌ವರ್ಮ್’ನಲ್ಲಿ 64,419. ಪ್ರತಿಯೊಂದಕ್ಕೂ ತನ್ನದೇ ಸಂಖ್ಯೆ, ಒಟ್ಟಿಗೆ ಒಂದೇ ಹೆಸರು. ಪರೀಕ್ಷೆ ಮುಗಿಯುವ ತನಕ ‘ಟೆಸ್ಟಿಂಗ್’, ಬಿಡುಗಡೆಯ ದಿನವೇ ‘ಸ್ಟೇಬಲ್’.

ಬ್ಯಾಂಕಿನಲ್ಲೂ ಅಷ್ಟೇ ನೋಡಿ... ಆಡಿಟ್ ಆಗದ ಲೆಕ್ಕವನ್ನು ಅಂತಿಮವೆಂದರೆ ಕೆಡುವವರು ನಂಬಿದವರು. ಒಂದು ಸಂಖ್ಯೆ ಹೋದರೆ ಹೋಗಲಿ, ನಂಬಿಕೆ ಉಳಿಯಬೇಕು. ಅಲ್ಲವೇ?