ಬೆಂಗಳೂರಿನ ಬೇಸಿಗೆ, ಕೋಲಾರದ ಮಾವು: ಯಾವಾಗ ಏನು, ಎಲ್ಲಿ, ಹೇಗೆ? ಇಲ್ಲಿದೆ ಮಾಹಿತಿ

ಕೋಲಾರ: ಶಿವರಾತ್ರಿ ಕಳೆದು ಬಿಸಿಲು ಏರಿತು ಅಂದರೆ ಬೆಂಗಳೂರಿನ ರಸ್ತೆ ಬದಿಯ ವ್ಯಾಪಾರವೇ ಬದಲಾಗುತ್ತದೆ. ಕಡಲೆಕಾಯಿ, ಜೋಳದ ಗಾಡಿಗಳು ಹಿಂದೆ ಸರಿದು ಕಲ್ಲಂಗಡಿ, ಕರ್ಬೂಜ, ಎಳನೀರು, ತಾಟಿನಿಂಗು ಮುಂದೆ ಬರುತ್ತವೆ. ಯುಗಾದಿ ಆದ ಮೇಲೆ ಮಾವಿನದೇ ರಾಜ್ಯ. ಈ ಮೂರು ನಾಲ್ಕು ತಿಂಗಳಲ್ಲಿ ನಗರದವರು ತಿನ್ನುವುದರಲ್ಲಿ ದೊಡ್ಡ ಪಾಲು ಹೋಗುವುದು ಸುತ್ತಮುತ್ತಲ ಜಿಲ್ಲೆಗಳಿಂದ, ಅದರಲ್ಲೂ ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆಯಿಂದ. ಹಾಗಾಗಿ ಬೆಂಗಳೂರಿನಲ್ಲಿ ಯಾವ ವಾರ ಏನು ನಡೆಯುತ್ತೆ ಅನ್ನುವುದು ಇಲ್ಲಿನ ಬೆಳೆಗಾರ, ಅಂಗಡಿಯವರಿಗೆ ಬರೀ ಪೇಟೆ ಸುದ್ದಿಯಲ್ಲ, ರೇಟಿನ ಪ್ರಶ್ನೆ.

ಮೊದಲು ದ್ರಾಕ್ಷಿ, ಆಮೇಲೆ ಹಬ್ಬ

ಬೇಸಿಗೆ ಹಣ್ಣಿನ ಲೆಕ್ಕ ಶುರುವಾಗುವುದು ಮಾವಿನಿಂದಲ್ಲ, ದ್ರಾಕ್ಷಿ ಮತ್ತು ಕಲ್ಲಂಗಡಿಯಿಂದ. ಸೀಸನ್ ಶುರುವಿಗೆ ಹಾಪ್‌ಕಾಮ್ಸ್ ದ್ರಾಕ್ಷಿ ಹಾಗೂ ಕಲ್ಲಂಗಡಿ ಮೇಳ ನಡೆಸುವುದು ರೂಢಿ. ಹಾಪ್‌ಕಾಮ್ಸ್ ಹುಟ್ಟಿದ್ದೇ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಅನ್ನುವುದು ಈಗ ಬಹಳ ಜನರಿಗೆ ಮರೆತೇ ಹೋಗಿದೆ.

ಯುಗಾದಿಯಾಗಿ ಒಂಬತ್ತನೇ ದಿನಕ್ಕೆ ರಾಮನವಮಿ. ಅಂದು ನಗರದ ಬೀದಿ ಬೀದಿಯಲ್ಲಿ ಅರವಟ್ಟಿಗೆ ಹಾಕಿ ಬೆಲ್ಲದ ಪಾನಕ, ನೀರು ಮಜ್ಜಿಗೆ, ಹೆಸರುಬೇಳೆ ಕೋಸಂಬರಿ ಹಂಚುತ್ತಾರೆ. ಬೆಲ್ಲ, ಹೆಸರುಬೇಳೆ, ಸೌತೆಕಾಯಿ, ನಿಂಬೆಹಣ್ಣು, ಕರ್ಬೂಜ ಎಲ್ಲಕ್ಕೂ ಆ ವಾರ ಕೈಬದಲು ಜೋರು. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದ ರಾಮನವಮಿ ಸಂಗೀತೋತ್ಸವಕ್ಕೂ ಹೆಸರಿದೆ. ಶ್ರೀ ರಾಮಸೇವಾ ಮಂಡಳಿ ಇದನ್ನು 1939ರಿಂದ ನಡೆಸಿಕೊಂಡು ಬಂದಿದೆ.

ಅದರ ಬೆನ್ನಲ್ಲೇ ಚೈತ್ರ ಹುಣ್ಣಿಮೆ ರಾತ್ರಿ ತಿಗಳರಪೇಟೆ ಧರ್ಮರಾಯಸ್ವಾಮಿ ದೇವಸ್ಥಾನದ ಕರಗ. ಕೋಲಾರ, ಮಾಲೂರು, ಹೊಸಕೋಟೆಯಲ್ಲೂ ಕರಗ ಇರುವುದರಿಂದ ಇಲ್ಲಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹೂವಿನ ಕರಗ ಹೊತ್ತ ಪೂಜಾರಿ, ಕತ್ತಿ ಹಿಡಿದ ವೀರಕುಮಾರರು, ಮೇಲಿಂದ ಮಲ್ಲಿಗೆಯ ಸುರಿಮಳೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಕರಗ ಹೋಗಿ ಬರುವುದು ಹಳೆಯ ಸಂಪ್ರದಾಯ. ಚಿಕ್ಕಪೇಟೆ, ಅವೆನ್ಯೂ ರಸ್ತೆಗೆ ಮಾಲು ತರಲು ಹೋಗುವ ಅಂಗಡಿಯವರು ಆ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಸಂಜೆಯಿಂದಲೇ ಆ ಭಾಗಕ್ಕೆ ಗಾಡಿ ಬಿಡುವುದಿಲ್ಲ, ಬೆಳಗಿನವರೆಗೂ ಜನ ಕದಲುವುದಿಲ್ಲ.

ಮಾವು: ಲಾಲ್‌ಬಾಗ್ ಮೇಳದಿಂದ ಚಿತ್ತೂರು ಗಡಿವರೆಗೆ

ನಗರಕ್ಕೆ ಮೊದಲು ಬರುವುದು ರಾಮನಗರ, ಚನ್ನಪಟ್ಟಣ ಕಡೆಯ ಮಾವು, ಏಪ್ರಿಲ್ ಹೊತ್ತಿಗೆ. ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಭಾಗದ್ದು ಮೇ ನಡುವಿನಿಂದ ಜೋರಾಗಿ, ಜುಲೈವರೆಗೂ ಎಳೆಯುತ್ತದೆ. ಈ ಹಿಂದು ಮುಂದಿನಲ್ಲೇ ಕೋಲಾರ ಬೆಳೆಗಾರರ ಕಷ್ಟ ಇರುವುದು. ಸೀಸನ್ ಮೊದಲಿನ ದುಬಾರಿ ರೇಟು ರಾಮನಗರದವರಿಗೆ ಸಿಕ್ಕಿ, ಕೋಲಾರದ ಮಾಲು ಒಟ್ಟಿಗೆ ಇಳಿಯುವಾಗ ಮಂಡಿ ತುಂಬಿರುತ್ತದೆ. ಮೇಲಿಂದ ಮಳೆಯೂ ಶುರುವಾಗಿರುತ್ತದೆ. ಆಲಿಕಲ್ಲು ಬಿದ್ದರಂತೂ ಉದುರಿದ ಕಾಯಿಗೆ ಉಪ್ಪಿನಕಾಯಿ ರೇಟೂ ಕಷ್ಟ.

ಹೂ ಬಿಡುವಾಗಲೇ ತೋಟವನ್ನು ವ್ಯಾಪಾರಿಗೆ ಗುತ್ತಿಗೆ ಕೊಟ್ಟು ಮುಂಗಡ ತೆಗೆದುಕೊಂಡವರಿಗೆ ಈ ತಲೆನೋವು ಕಡಿಮೆ, ಆದರೆ ಬೆಲೆ ಏರಿದ ವರ್ಷ ಲಾಭವೂ ಇಲ್ಲ. ಸ್ವಂತ ಮಾರುವವರಿಗೆ ಇರುವ ದಾರಿಗಳಲ್ಲಿ ಒಂದು ಲಾಲ್‌ಬಾಗ್ ಮಾವು ಮೇಳ. ಸಾಮಾನ್ಯವಾಗಿ ಮೇ ಕೊನೆ, ಜೂನ್ ಹೊತ್ತಿಗೆ ತೋಟಗಾರಿಕೆ ಇಲಾಖೆ ಮತ್ತು ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮ ಸೇರಿ ನಡೆಸುವ ಈ ಮೇಳದಲ್ಲಿ ಬೆಳೆಗಾರರೇ ಮಳಿಗೆ ಹಾಕಿ ಮಾರುತ್ತಾರೆ. ನಡುವೆ ದಲ್ಲಾಳಿ ಇಲ್ಲ. ನಿಗಮದ ‘ಕಾರ್ಸಿರಿ’ ಆನ್‌ಲೈನ್ ತಾಣದಲ್ಲೂ ಬೆಳೆಗಾರರು ಹೆಸರು ನೋಂದಾಯಿಸಿ ಮಾರಬಹುದು. ಮೂರು ಕೆಜಿ ಬಾಕ್ಸ್ ಅಂಚೆ ಮೂಲಕ ನೇರ ಬೆಂಗಳೂರಿನ ಗಿರಾಕಿ ಮನೆಗೆ ಹೋಗುತ್ತದೆ. ಮೇಳದ ದಿನಾಂಕ ಪ್ರತಿ ವರ್ಷ ಫಸಲು ನೋಡಿಕೊಂಡು ಗೊತ್ತಾಗುವುದರಿಂದ ತಾಲೂಕು ತೋಟಗಾರಿಕೆ ಕಚೇರಿಯಲ್ಲಿ ಏಪ್ರಿಲ್‌ನಲ್ಲೇ ವಿಚಾರಿಸಿಕೊಂಡರೆ ವಾಸಿ.

ಆದರೆ ಮೇಳದಲ್ಲಿ ಯಾವ ತಳಿ ಹೋಗುತ್ತೆ? ಬಾದಾಮಿ, ರಸಪುರಿ, ಮಲ್ಲಿಕಾ, ಸಕ್ಕರೆ ಗುತ್ತಿ, ಸೇಂದೂರ, ಬಂಗನಪಲ್ಲಿ. ನಗರದವರು ದುಡ್ಡು ಕೊಟ್ಟು ಬಾಕ್ಸ್ ಎತ್ತುವುದು ಇವನ್ನೇ. ಕೋಲಾರದ ತೋಟಗಳಲ್ಲಿ ಟನ್ನುಗಟ್ಟಲೆ ಬರುವ ತೋತಾಪುರಿಯನ್ನು ಬೆಂಗಳೂರು ಪ್ರೀತಿಯಿಂದ ತಿನ್ನುತ್ತದೆ ನಿಜ, ಆದರೆ ಹೇಗೆ? ಶಾಲೆ ಗೇಟು, ಬಸ್ ನಿಲ್ದಾಣ, ಪಾರ್ಕಿನ ಬಾಗಿಲಲ್ಲಿ ಗಿಣಿಮೂತಿ ಕಾಯಿ ಸೀಳಿ, ಉಪ್ಪು ಖಾರ ಹಚ್ಚಿಕೊಂಡು. ಬಾಯಲ್ಲಿ ನೀರೂರಿಸುವ ತಿಂಡಿಯೇ, ಒಂದು ತಳ್ಳುಗಾಡಿಗೆ ದಿನಕ್ಕೆ ಒಂದೆರಡು ಕ್ರೇಟ್ ಸಾಕು. ಲಾರಿ ಲೋಡಿನ ತೋತಾಪುರಿಗೆ ಬೇಕಾದ್ದು ತಿರುಳು ತೆಗೆಯುವ ಕಾರ್ಖಾನೆ, ಅವು ಹೆಚ್ಚಾಗಿ ಇರುವುದು ಗಡಿಯಾಚೆ ಚಿತ್ತೂರಿನಲ್ಲಿ.

ಇದು ಎಷ್ಟು ದೊಡ್ಡ ಅಪಾಯ ಅನ್ನುವುದು 2025ರಲ್ಲಿ ಗೊತ್ತಾಯಿತು. ಆ ವರ್ಷ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಒಳಗೆ ಬರದಂತೆ ತಡೆಯಿತು. ಗಡಿಯಲ್ಲಿ ಗಾಡಿಗಳು ನಿಂತವು, ಮಂಡಿಯಲ್ಲಿ ದರ ಕುಸಿಯಿತು, ಕಿತ್ತ ಕೂಲಿಯೂ ಹುಟ್ಟಲಿಲ್ಲ ಅಂತ ರೈತರು ಶ್ರೀನಿವಾಸಪುರದಲ್ಲಿ ಬೀದಿಗೆ ಇಳಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರ ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಲಿಗೆ 1,616 ರೂಪಾಯಿ ದರ ಗೊತ್ತುಮಾಡಿ, ರಾಜ್ಯದ 2.5 ಲಕ್ಷ ಟನ್‌ವರೆಗಿನ ತೋತಾಪುರಿಗೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ಇಂಥ ಯೋಜನೆಯ ಹಣ ಕೈಗೆ ಬರಬೇಕಾದರೆ ಪಹಣಿಯಲ್ಲಿ ಮಾವು ನಮೂದಾಗಿರಬೇಕು, ಮಂಡಿಯ ಮಾರಾಟ ಚೀಟಿ ಇರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಬಿಳಿ ಚೀಟಿಯಲ್ಲಿ ಲೆಕ್ಕ ಬರೆಸಿಕೊಂಡು ಬರುವವರು ಇದನ್ನು ಗಮನಿಸಬೇಕು.

ಕಾರ್ಬೈಡ್ ಹಾಕಿದರೆ ಹಣ್ಣಲ್ಲ, ಹೆಸರು ಕೆಡುತ್ತೆ

ಮೊದಲ ರೇಟಿನ ಆಸೆಗೆ ಬಲಿಯದ ಕಾಯಿ ಕಿತ್ತು ಕ್ಯಾಲ್ಸಿಯಂ ಕಾರ್ಬೈಡ್ ಪೊಟ್ಟಣ ಇಟ್ಟು ಬಣ್ಣ ಬರಿಸುವುದು ಹಳೆಯ ರೋಗ. ಕಾರ್ಬೈಡ್‌ಗೆ ತೇವ ತಗುಲಿದರೆ ಅಸಿಟಿಲಿನ್ ಅನಿಲ ಏಳುತ್ತದೆ, ಅದರ ಜತೆ ಆರ್ಸೆನಿಕ್, ರಂಜಕದ ಅಂಶವೂ ಇರಬಹುದು. ಸಿಪ್ಪೆ ಹಳದಿಯಾಗುತ್ತದೆ, ಒಳಗೆ ಹುಳಿ ಹುಳಿ. ಆಹಾರ ಸುರಕ್ಷತೆಯ 2011ರ ನಿಯಮದಲ್ಲಿ ಇದಕ್ಕೆ ಸಂಪೂರ್ಣ ನಿಷೇಧವಿದೆ. ತೋಟದವನು ಹಾಕಿದ, ನಾನು ಬರೀ ಮಾರಿದೆ ಅಂದರೆ ಅಂಗಡಿಯವನು ಪಾರಾಗುವುದಿಲ್ಲ, ಮಾರಾಟವೂ ಅಪರಾಧವೇ.

ಕಾನೂನು ಒಪ್ಪುವುದು ಎಥಿಲೀನ್ ಅನಿಲವನ್ನು. ಅದು ಹಣ್ಣಿನಲ್ಲೇ ಹುಟ್ಟುವ ಅನಿಲ. ಮಾಗಿಸುವ ಕೊಠಡಿಯಲ್ಲಿ 100 ಪಿಪಿಎಂ ಮೀರದಂತೆ ಬಿಡಬಹುದು. ಎಥಿಫಾನ್ ದ್ರಾವಣದಲ್ಲಿ ಹಣ್ಣು ಅದ್ದುವುದು, ಮೇಲೆ ಚಿಮುಕಿಸುವುದು ತಪ್ಪು. ಮನೆ ಮಟ್ಟಕ್ಕೆ ಹಳೆಯ ಪದ್ಧತಿಯೇ ಸಾಕು: ಬಲಿತ ಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕುವುದು. ಬಲಿತಿದೆಯೋ ಇಲ್ಲವೋ ತಿಳಿಯಲು ಬಕೆಟ್ ನೀರಿಗೆ ಹಾಕಿ ನೋಡಬಹುದು. ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ಒಮ್ಮೆ ಹುಳಿ ತಿಂದ ನಗರದ ಗಿರಾಕಿ ಮುಂದಿನ ಬಾಕ್ಸ್ ಎತ್ತುವ ಮುಂಚೆ ‘ಇದು ಯಾವ ಊರಿನದು’ ಅಂತ ಕೇಳುತ್ತಾನೆ ಅನ್ನುವುದು ಮೇಳದಲ್ಲಿ ಕೂತವರಿಗೆಲ್ಲ ಗೊತ್ತು.

ನಗರದ ಆದೇಶ, ತಾಲೂಕಿನ ಅಂಗಡಿ

ತಿಂಡಿ ವಿಚಾರದಲ್ಲಿ ಬೆಂಗಳೂರಿನಲ್ಲಿ ಎದ್ದ ಸುದ್ದಿ ತಾಲೂಕಿಗೂ ಆದೇಶವಾಗಿ ಬರುವುದು ಈಚಿನ ವರ್ಷಗಳಲ್ಲಿ ಪದೇ ಪದೇ ಆಗಿದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107ರಲ್ಲಿ, ಬಾಂಬೆ ಮಿಠಾಯಿಯ 25ರಲ್ಲಿ 15ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕ ಮೇಲೆ ರಾಜ್ಯವಿಡೀ ಕೃತಕ ಬಣ್ಣಕ್ಕೆ ನಿಷೇಧ ಬಂತು. ಜೂನ್‌ನಲ್ಲಿ ಕಬಾಬ್‌ಗೂ ಅದೇ ಆಯಿತು. 2025ರ ಫೆಬ್ರವರಿಯಲ್ಲಿ ಇಡ್ಲಿ ಸರದಿ: 251 ಕಡೆ ನೋಡಿದಾಗ 52 ಕಡೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆಯಲ್ಲಿ ಬೇಯಿಸುತ್ತಿದ್ದರು. ಜಾತ್ರೆಯಲ್ಲಿ ಬತ್ತಾಸು ಅಂಗಡಿ ಪಕ್ಕ ಗೋಬಿ ಗಾಡಿ ಹಾಕುವವರಿಗೂ ಇದೇ ಕಾನೂನು. ಬೇಸಿಗೆಯಲ್ಲಿ ಪರಿಶೀಲನೆ ಹೆಚ್ಚಾಗಿ ಐಸ್‌ಕ್ಯಾಂಡಿ, ಷರಬತ್ತು, ಕತ್ತರಿಸಿಟ್ಟ ಹಣ್ಣಿನ ಕಡೆ ತಿರುಗುತ್ತದೆ. ಮೀನು ಇಡುವ ಐಸನ್ನು ಜ್ಯೂಸಿಗೆ ಹಾಕಬಾರದು. ಕೊಯ್ದ ಕಲ್ಲಂಗಡಿಯನ್ನು ಮುಚ್ಚದೆ ಬಿಸಿಲಿಗೆ ಇಡಬಾರದು. ಎಫ್‌ಎಸ್‌ಎಸ್‌ಎಐ ನೋಂದಣಿ ಚೀಟಿ ಅಂಗಡಿಯಲ್ಲೇ ಇರಬೇಕು.

ನೀರು: ಅಲ್ಲಿ ಕುಡಿದದ್ದು ಇಲ್ಲಿ ಕೆರೆಗೆ

ಬೆಂಗಳೂರಿನ ಬೇಸಿಗೆ ಸುದ್ದಿಯಲ್ಲಿ ಮಾವಿನಷ್ಟೇ ಜಾಗ ನೀರಿಗೂ ಇದೆ. 2016ರ ಏಪ್ರಿಲ್ 24ರಂದು ನಗರದ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. 2024ರಲ್ಲಿ ಬೋರ್‌ವೆಲ್‌ಗಳು ಸಾವಿರಗಟ್ಟಲೆ ಬತ್ತಿ, ಟ್ಯಾಂಕರ್‌ನವರು ಕೇಳಿದ್ದೇ ರೇಟಾದಾಗ ಜಿಲ್ಲಾಡಳಿತ ದರ ನಿಗದಿ ಮಾಡಬೇಕಾಯಿತು: ಐದು ಕಿ.ಮೀ. ಒಳಗೆ 6,000 ಲೀಟರ್‌ಗೆ 600 ರೂ., 12,000 ಲೀಟರ್‌ಗೆ 1,000 ರೂ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂ. ದಂಡ ಅಂತ ಜಲಮಂಡಳಿ ಹೇಳಿತು. ಅದೇ ವರ್ಷ ಅಕ್ಟೋಬರ್ 16ರಂದು ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿತು. ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಈ ಯೋಜನೆ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ.

ಕೋಲಾರಕ್ಕೆ ಇದರಿಂದ ಏನು? ನಗರ ಬಳಸಿ ಬಿಟ್ಟ ನೀರೇ ಸಂಸ್ಕರಣೆಯಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಇಲ್ಲಿನ ಕೆರೆಗಳಿಗೆ ಬರುತ್ತಿದೆ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಅನ್ನುವುದು ಯೋಜನೆಯ ಲೆಕ್ಕ. ಅಂತರ್ಜಲ ಏರಿದೆ ಅನ್ನುವವರಿದ್ದಾರೆ. ಎರಡೇ ಹಂತದಲ್ಲಿ ಶುದ್ಧ ಮಾಡಿದ ನೀರು ಸಾಲದು, ಮೂರನೇ ಹಂತವೂ ಬೇಕು ಅನ್ನುವ ಹೋರಾಟವೂ ನಿಂತಿಲ್ಲ. ಇದು ಕೆರೆ ತುಂಬಿ ನೆಲಕ್ಕೆ ಇಂಗಲು ಬಿಟ್ಟ ನೀರು, ಕುಡಿಯಲು ಅಲ್ಲ. ಬೇಸಿಗೆಯಲ್ಲಿ ಬೇರೆ ನೀರಿಲ್ಲ ಅಂತ ಕೆರೆಯಿಂದ ನೇರ ಎತ್ತಿ ಸೊಪ್ಪು ತೊಳೆದು ಪೇಟೆಗೆ ಕಳಿಸುವುದು ಸರಿಯಲ್ಲ.

ಹೋಗಿ ಬರುವವರಿಗೆ

ಲಾಲ್‌ಬಾಗ್ ಮೇಳಕ್ಕೆ ಹೋಗುವವರು ಬಂಗಾರಪೇಟೆ, ಮಾಲೂರು ಕಡೆಯಿಂದ ರೈಲಿನಲ್ಲಾಗಲಿ, ಕೋಲಾರದಿಂದ ಬಸ್ಸಿನಲ್ಲಾಗಲಿ ಕೆ.ಆರ್. ಪುರದಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೋ ಹಿಡಿಯಬಹುದು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು ಆದ ಮೇಲೆ ಲಾಲ್‌ಬಾಗ್ ನಿಲ್ದಾಣ. 2025ರ ಫೆಬ್ರವರಿಯಲ್ಲಿ ದರ ಏರಿಸಿದ ಮೇಲೆ ಮೆಟ್ರೋ ಗರಿಷ್ಠ ಟಿಕೆಟ್ 90 ರೂ. ಆಯಿತು. ಮೂಟೆ, ದೊಡ್ಡ ಬುಟ್ಟಿಯನ್ನು ಒಳಗೆ ಬಿಡುವುದಿಲ್ಲ. ಮಾಲು ಒಯ್ಯುವವರು ಗಾಡಿಯಲ್ಲೇ ಹೋಗಬೇಕು. ಸಗಟು ಮಾವು ಇಳಿಯುವುದು ಹೊಸೂರು ರಸ್ತೆ ಕಡೆಯ ಸಿಂಗೇನ ಅಗ್ರಹಾರ ಹಣ್ಣಿನ ಮಾರುಕಟ್ಟೆಯಲ್ಲಿ. ಅಲ್ಲಿಗೆ ಬೆಳಗಿನ ಜಾವ ತಲುಪುವಂತೆ ಹೊರಡುವುದೇ ಪದ್ಧತಿ.

ಮೇ ತಿಂಗಳ ಸಂಜೆ ಮಳೆಯನ್ನು ಲಘುವಾಗಿ ತೆಗೆದುಕೊಳ್ಳುವ ಹಾಗಿಲ್ಲ. 2023 ಮತ್ತು 2025, ಎರಡೂ ವರ್ಷ ಮೇ ತಿಂಗಳೊಂದರಲ್ಲೇ ನಗರದಲ್ಲಿ 300 ಮಿಲಿಮೀಟರ್‌ಗೂ ಹೆಚ್ಚು ಮಳೆ ಬಿದ್ದಿತ್ತು. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನಿಂತ ನೀರಿಗೆ ಕಾರು ಸಿಕ್ಕಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಮಧ್ಯಾಹ್ನ ಮೋಡ ಕಟ್ಟಿದ ದಿನ ಮಾಲು ಇಳಿಸಿ ಮೂರು ಗಂಟೆಯೊಳಗೆ ಹೊಸಕೋಟೆ ದಾಟಿಬಿಟ್ಟರೆ ಗಾಡಿಯವರಿಗೆ ರಾತ್ರಿ ಊಟ ಮನೆಯಲ್ಲೇ.