ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರೂ ನಮ್ಮ ಗಡಿನಾಡಿನ ಕಲ್ಲುಗಳೂ



ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಹಿಂಭಾಗದಲ್ಲಿ ಅಕ್ಷರವಿರುವ ಕಲ್ಲನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಇಂಥ ಕಲ್ಲುಗಳನ್ನು ದಾಖಲಿಸಿ ಉಳಿಸಲು ಮೈಸೂರು ಸಂಸ್ಥಾನವು 1885ರಲ್ಲಿ ಒಂದು ಇಲಾಖೆಯನ್ನೇ ತೆರೆಯಿತು. ಅದನ್ನು ನಡೆಸಿದವರ ಕೆಲಸವನ್ನು ತಿಳಿದರೆ ನಮ್ಮ ಕರ್ತವ್ಯವೂ ತಿಳಿಯುತ್ತದೆ.

ಬಿ. ಎಲ್. ರೈಸ್ (1837–1927)

ಬೆಂಗಳೂರಿನಲ್ಲೇ ಹುಟ್ಟಿದ ಬೆಂಜಮಿನ್ ಲೂಯಿಸ್ ರೈಸ್ ಮೊದಲು ಶಿಕ್ಷಣ ಇಲಾಖೆಯಲ್ಲಿದ್ದರು. ಶಾಲೆಗಳ ತನಿಖೆಗೆ ಹಳ್ಳಿ ಸುತ್ತುವಾಗಲೇ ಶಾಸನಗಳ ಕಡೆ ಅವರ ಗಮನ ಹರಿಯಿತು. 1879ರಲ್ಲಿ ಅವರ ಮೊದಲ ಶಾಸನ ಸಂಗ್ರಹ ಹೊರಬಂತು. ಪುರಾತತ್ವ ಇಲಾಖೆಯ ಮೊದಲ ನಿರ್ದೇಶಕರಾಗಿ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ 12 ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳನ್ನು ಪ್ರಕಟಿಸಿದರು.

ಕಚೇರಿ ಕೆಲಸ ಮಾಡಿದವರು ಗಮನಿಸಬೇಕಾದದ್ದು ಅವರ ಕ್ರಮ. ಜಿಲ್ಲೆಗೆ ಸಂಪುಟ, ಸಂಪುಟದೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಪ್ರತಿ ಕಲ್ಲಿಗೂ ಒಂದು ನಂಬರು, ಜೊತೆಗೆ ಊರಿನ ಹೆಸರು ಮತ್ತು ಕಲ್ಲಿರುವ ಜಾಗ. ಆದ್ದರಿಂದ ನೂರು ವರ್ಷದ ನಂತರವೂ ಪುಸ್ತಕ ಹಿಡಿದು ಹೋಗಿ ಕಲ್ಲು ಇದೆಯೋ ಇಲ್ಲವೋ ತಾಳೆ ನೋಡಬಹುದು. ಕಲ್ಲು ಹೋಗಿದ್ದರೂ ಪಾಠ ಉಳಿದಿದೆ.

ಆರ್. ನರಸಿಂಹಾಚಾರ್ಯರು

1906ರಲ್ಲಿ ರೈಸ್ ನಿವೃತ್ತರಾದ ಮೇಲೆ 'ಕರ್ಣಾಟಕ ಕವಿಚರಿತೆ'ಯ ನರಸಿಂಹಾಚಾರ್ಯರು ಬಂದು 1922ರವರೆಗೆ ಇಲಾಖೆಯನ್ನು ನಡೆಸಿದರು. ಹಿಂದಿನವರು ಮುಗಿಸಿದ್ದಾರೆಂದು ಅವರು ಕೈಕಟ್ಟಿ ಕೂರಲಿಲ್ಲ. ಶ್ರವಣಬೆಳಗೊಳದ ಸಂಪುಟದಲ್ಲಿ ರೈಸ್ ಕೊಟ್ಟದ್ದು 144 ಶಾಸನ. ಇವರು ಪರಿಷ್ಕರಿಸಿದಾಗ ಅದು 500 ಆಯಿತು. ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿ ದೇವಾಲಯಗಳ ಬಗ್ಗೆ ಪ್ರತ್ಯೇಕ ಪುಸ್ತಕಗಳನ್ನು ತಂದರು. ಹೊಸೂರು ರಸ್ತೆಯಿಂದ ದೂರವಿಲ್ಲದ ಬೇಗೂರಿನಲ್ಲಿ ಬೆಂಗಳೂರಿನ ಹೆಸರಿರುವ, ಕ್ರಿ.ಶ. 900ರ ಸುಮಾರಿನ ವೀರಗಲ್ಲು ಬೆಳಕಿಗೆ ಬಂದದ್ದೂ ಇವರಿಂದಲೇ.

ನಂತರದವರು

ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಮೊದಲು ಅಚ್ಚು ಹಾಕಿಸಿದ ಆರ್. ಶಾಮಶಾಸ್ತ್ರಿಗಳು 1922ರಲ್ಲಿ ಅಧಿಕಾರ ವಹಿಸಿಕೊಂಡರು. ಅವರ ತರುವಾಯ ಬಂದ ಡಾ. ಎಂ. ಎಚ್. ಕೃಷ್ಣ ಅವರು ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ ಉತ್ಖನನ ನಡೆಸಿದರು. ಹಲ್ಮಿಡಿ ಶಾಸನವನ್ನು 1936ರ ವಾರ್ಷಿಕ ವರದಿಯಲ್ಲಿ ಲೋಕಕ್ಕೆ ತಿಳಿಸಿದರು.

ಗಡಿಯ ಈಚೆ ಏನಾಯಿತು?

ರೈಸ್ ಅವರ 9ನೇ ಸಂಪುಟ (ಬೆಂಗಳೂರು ಜಿಲ್ಲೆ) ಆನೇಕಲ್ಲಿಗೆ ಬಂದು ನಿಲ್ಲುತ್ತದೆ. 10ನೆಯದು (ಕೋಲಾರ ಜಿಲ್ಲೆ) ಮಾಲೂರಿಗೆ ಬಂದು ನಿಲ್ಲುತ್ತದೆ. ಹೊಸೂರು, ಸೂಳಗಿರಿ, ಕೃಷ್ಣಗಿರಿ ಆಗ ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆ. ಕಲ್ಲಿನ ಭಾಷೆ ಕನ್ನಡವಾದರೂ ಅದನ್ನು ನೋಡಿಕೊಳ್ಳಬೇಕಾದ ಕಚೇರಿ ಬೇರೆ. ಧರ್ಮಪುರಿಯಲ್ಲಿ ಸಿಕ್ಕ ನೊಳಂಬ ಮಹೇಂದ್ರನ 9ನೇ ಶತಮಾನದ ಕನ್ನಡ ಶಾಸನಗಳು ಆ ಕಾರಣಕ್ಕೇ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟವಾದವು. ಇಂದು ನಮ್ಮ ಭಾಗದ ಹೊಣೆ 1961ರಲ್ಲಿ ಆರಂಭವಾದ ತಮಿಳುನಾಡು ಪುರಾತತ್ವ ಇಲಾಖೆಯದು. ರಾಜ್ಯದ ಕಾಯಿದೆ 1966ರದು. ಇದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಆದರೆ ನಮ್ಮೂರ ಕಲ್ಲನ್ನು ಹುಡುಕುವವರು ಮೈಸೂರಿನ ಸಂಪುಟದಲ್ಲಿ ಕಾಣದೆ ಕೈಬಿಡಬಾರದು. ಮದ್ರಾಸಿನ ಶಾಸನ ವಾರ್ಷಿಕ ವರದಿಗಳನ್ನೂ, ತಮಿಳುನಾಡು ಇಲಾಖೆಯ ಪ್ರಕಟಣೆಗಳನ್ನೂ ನೋಡಬೇಕು.

ಸದಸ್ಯರು ಮಾಡಬೇಕಾದದ್ದು

1. ಅಕ್ಷರ ಅಥವಾ ಚಿತ್ರವಿರುವ ಕಲ್ಲನ್ನು ಇದ್ದ ಜಾಗದಿಂದ ಕದಲಿಸಬೇಡಿ. ಜಾಗ ತಪ್ಪಿದರೆ ಅರ್ಧ ಚರಿತ್ರೆ ಹೋದಂತೆ.
2. ಸುಣ್ಣ, ಪೇಂಟು ಬಳಿಯಬೇಡಿ. ತಂತಿ ಬ್ರಷ್, ಆಸಿಡ್ ಮುಟ್ಟಿಸಬೇಡಿ. ಪೂಜೆ ನಡೆಯುವ ಕಲ್ಲಾದರೆ ಊರವರ ಮನಸ್ಸು ನೋಯದಂತೆ ತಿಳಿಹೇಳಿ.
3. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ. ಅಕ್ಷರ ಎದ್ದು ಕಾಣುತ್ತದೆ. ಒದ್ದೆ ಕಾಗದ, ಮಸಿಯಿಂದ ಪಡಿಯಚ್ಚು ತೆಗೆಯುವುದು ಬಲ್ಲವರ ಕೆಲಸ, ಅವರಿಗೇ ಬಿಡಿ.
4. ಊರು, ಸರ್ವೆ ನಂಬರು, ಅಳತೆ, ನೋಡಿದ ತಾರೀಖು ಬರೆದಿಡಿ.
5. ವಿ.ಎ.ಓ. ಅಥವಾ ತಾಲ್ಲೂಕು ಕಚೇರಿಗೆ ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಅಗೆಯುವಾಗ ಹಳೆಯ ನಾಣ್ಯ, ಒಡವೆ ಸಿಕ್ಕರೆ 1878ರ ನಿಧಿ ಕಾಯಿದೆಯಂತೆ ಕಲೆಕ್ಟರಿಗೆ ತಿಳಿಸುವುದು ಕಡ್ಡಾಯ.

ಹೆದ್ದಾರಿ, ಕಾರ್ಖಾನೆ, ಲೇಔಟು ನಮ್ಮ ಸುತ್ತ ಬೆಳೆಯುತ್ತಲೇ ಇವೆ. ಜೆ.ಸಿ.ಬಿ. ಬಂದ ದಿನ ನಂಬರಿಲ್ಲದ ಕಲ್ಲು ಬರೀ ಕಲ್ಲು; ದಾಖಲೆಯಲ್ಲಿರುವ ಕಲ್ಲಿಗಾದರೆ ಕೇಳುವವರಿರುತ್ತಾರೆ. ಪ್ರತಿ ಸದಸ್ಯರೂ ತಮ್ಮ ಊರಿನ ಒಂದು ಕಲ್ಲಿನ ವಿವರವನ್ನಾದರೂ ಸಂಘಕ್ಕೆ ಬರೆದು ಕಳಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ