ಬೆಟ್ಟದ ತುದಿಯ ಗುರುತು

ಪಾಂಡವಪುರದ ಕುಂತಿ ಬೆಟ್ಟಕ್ಕೆ ಹತ್ತುವವರಲ್ಲಿ ಹಲವು ಬಗೆ. ದೇವರಿಗೆ ಕೈಮುಗಿಯಲು ಬರುವವರು ಕೆಲವರಾದರೆ, ಕಬ್ಬಿನ ಗದ್ದೆಗಳ ಮೇಲೆ ಸೂರ್ಯ ಮೂಡುವುದನ್ನು ನೋಡಲು ಬರುವವರು ಇನ್ನು ಕೆಲವರು. ಜಗತ್ತಿನ ನಾನಾ ಕಡೆ ಇಂಥ ಬೆಟ್ಟಗಳನ್ನು ಮತ್ತೊಂದು ಕಾರಣಕ್ಕೂ ಏರುತ್ತಾರೆ. ಅಪರಿಚಿತರೊಬ್ಬರು ಬಂಡೆಯ ಸಂದಿಯಲ್ಲಿ ಅಡಗಿಸಿಟ್ಟ ಸಣ್ಣ ಡಬ್ಬಿಯನ್ನು ಹುಡುಕುವುದೇ ಆ ಕಾರಣ. ಡಬ್ಬಿಯಲ್ಲಿ ಹೊನ್ನಿರುವುದಿಲ್ಲ, ಹುಡುಕಿದವರು ಹೆಸರು ಬರೆಯಲು ಒಂದು ಪುಟ್ಟ ಪುಸ್ತಕ ಇರುತ್ತದೆ. ಸುಳಿವಾಗಿ ಸಿಗುವುದು ಅಕ್ಷಾಂಶ, ರೇಖಾಂಶಗಳ ಅಂಕಿಗಳು. ಈ ಆಟದ ಹೆಸರು ಜಿಯೋಕ್ಯಾಶಿಂಗ್.

ಆಟ ಹುಟ್ಟಿದ್ದು 2000ದಲ್ಲಿ. ಆದರೆ ಬೆಟ್ಟದ ತುದಿಗೆ ಲೆಕ್ಕದಿಂದ ವಿಳಾಸ ಕೊಡುವ ಕೆಲಸ ನಮ್ಮ ನಾಡಿನಲ್ಲಿ ಅದಕ್ಕೂ ಇನ್ನೂರು ವರ್ಷ ಮೊದಲೇ ನಡೆದಿತ್ತು. ಆ ಕಥೆಯ ಮೊದಲ ಪುಟಗಳು ಮಂಡ್ಯ ಸೀಮೆಯಲ್ಲೇ ಇವೆ.

ನಕ್ಷತ್ರ ಹೇಳಿದ ದಿಕ್ಕು

1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪು ಸುಲ್ತಾನನ ಸೇನೆಗೂ ಜನರಲ್ ಹ್ಯಾರಿಸ್‌ನ ಇಂಗ್ಲಿಷ್ ಸೇನೆಗೂ ಕಾಳಗ ನಡೆಯಿತು. ಟಿಪ್ಪು ಹಿಂದೆ ಸರಿದ. ಹ್ಯಾರಿಸ್ ಸೋಸಲೆಯ ಬಳಿ ಕಾವೇರಿ ದಾಟಿ ಶ್ರೀರಂಗಪಟ್ಟಣದತ್ತ ನಡೆದ. ಆ ಸೇನೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯಿದ್ದ. ಗಣಿತ ಮತ್ತು ಖಗೋಳದಲ್ಲಿ ಅವನಿಗೆ ವಿಶೇಷ ಆಸಕ್ತಿ.

ಏಪ್ರಿಲ್ ಮೊದಲ ವಾರದ ಒಂದು ರಾತ್ರಿ ಜನರಲ್ ಬೇರ್ಡ್‌ನ ತುಕಡಿ ಪಟ್ಟಣದ ಹೊರಗಿನ ತೋಪೊಂದನ್ನು ಶೋಧಿಸಿ ಬಿಡಾರಕ್ಕೆ ಮರಳುತ್ತಿತ್ತು. ದಕ್ಷಿಣಕ್ಕೆ ಹೋಗಬೇಕಾದ ತುಕಡಿ ಉತ್ತರಕ್ಕೆ, ಅಂದರೆ ಶತ್ರುವಿನ ಕಡೆಗೇ ಸಾಗುತ್ತಿದೆ ಎಂದು ನಕ್ಷತ್ರಗಳನ್ನು ನೋಡಿದ ಲ್ಯಾಂಬ್ಟನ್ ಎಚ್ಚರಿಸಿದ. ದಾರಿ ತಿಳಿಯಲು ತನಗೆ ನಕ್ಷತ್ರ ಬೇಕಿಲ್ಲವೆಂದು ಬೇರ್ಡ್ ಕಿವಿಗೊಡಲಿಲ್ಲ. ಸ್ವಲ್ಪದರಲ್ಲೇ ಟಿಪ್ಪುವಿನ ಕಾವಲುಪಡೆ ಎದುರಾಯಿತು. ಅದನ್ನು ಚದುರಿಸಿದ ಮೇಲೆ ಬೆಳಕು ಹಚ್ಚಿ ದಿಕ್ಸೂಚಿ ನೋಡಿದರೆ, ನಕ್ಷತ್ರ ಹೇಳಿದ್ದೇ ಸರಿಯಾಗಿತ್ತು.

ಮೇ 4ರಂದು ಪಟ್ಟಣ ಬಿತ್ತು, ಟಿಪ್ಪು ಮಡಿದ. ಗೆದ್ದ ಸೀಮೆಯನ್ನು ಅಳೆಯುವ ಯೋಜನೆಯನ್ನು ಲ್ಯಾಂಬ್ಟನ್ ಮುಂದಿಟ್ಟ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಅದನ್ನು ಬೆಂಬಲಿಸಿದ. ಅಳತೆಯ ಉದ್ದೇಶ ಬರಿಯ ಜ್ಞಾನವಾಗಿರಲಿಲ್ಲ. ನಾಡಿನ ಉದ್ದಗಲ ತಿಳಿಯದೆ ಅದನ್ನು ಆಳುವುದು ಕಂಪನಿಗೆ ಕಷ್ಟವಿತ್ತು.

ಬೆಟ್ಟದಿಂದ ಬೆಟ್ಟಕ್ಕೆ

ಅಳತೆಯ ತತ್ತ್ವ ಶಾಲೆಯ ರೇಖಾಗಣಿತದ್ದೇ. ತ್ರಿಕೋನದ ಒಂದು ಬಾಹು ಮತ್ತು ಕೋನಗಳು ಗೊತ್ತಾದರೆ ಉಳಿದ ಬಾಹುಗಳನ್ನು ಲೆಕ್ಕದಿಂದಲೇ ಪಡೆಯಬಹುದು. 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಒಂದು ಗೆರೆಯನ್ನು ಸರಪಳಿಯಿಂದ ಅಳೆಯಲಾಯಿತು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮತ್ತೊಂದು ಗೆರೆ ಅಳೆದು ದೊಡ್ಡ ಸರ್ವೆ ಆರಂಭವಾಯಿತು. ಕೋನ ಅಳೆಯುವ ಥಿಯೋಡೊಲೈಟ್ ಯಂತ್ರದ ತೂಕವೇ ಅರ್ಧ ಟನ್. ಅದನ್ನು ಸಾವನದುರ್ಗದಂಥ ಬೆಟ್ಟಗಳ ನೆತ್ತಿಗೆ ಹೊತ್ತು ಏರಿಸಿದ ಕೂಲಿಗಳ ಹೆಸರು ಯಾವ ನಕ್ಷೆಯಲ್ಲೂ ಇಲ್ಲ.

ಒಂದು ತುದಿಯಿಂದ ಇನ್ನೊಂದು ತುದಿ ಕಾಣಬೇಕಾದ್ದರಿಂದ ಬೆಟ್ಟಗಳೇ ಈ ಕೆಲಸಕ್ಕೆ ಆಧಾರ. ಯಂತ್ರ ನಿಂತ ಜಾಗ ಮುಂದೆ ಬರುವವರಿಗೂ ಸಿಗಬೇಕು. ಅದಕ್ಕಾಗಿ ಕಲ್ಲಿನ ಮೇಲೆ ವೃತ್ತ ಕೊರೆದು ನಡುವೆ ಚುಕ್ಕೆಯಿಟ್ಟು, ಮೇಲೆ ಕಟ್ಟೆ ಕಟ್ಟುವ ಪದ್ಧತಿ ಸರ್ವೆಯಲ್ಲಿ ಬೆಳೆಯಿತು. ಯಾರೋ ಬಿಟ್ಟುಹೋದ ಗುರುತನ್ನು ಅಂಕಿಗಳ ಜಾಡು ಹಿಡಿದು ಮತ್ತೊಬ್ಬರು ಹುಡುಕುವುದು ಅಂದೇ ನಡೆದಿತ್ತು.

ಲ್ಯಾಂಬ್ಟನ್ 1823ರಲ್ಲಿ ಮಹಾರಾಷ್ಟ್ರದ ಹಿಂಗನಘಾಟ್‌ನಲ್ಲಿ, ಅಳತೆಯ ಕೆಲಸದಲ್ಲಿದ್ದಾಗಲೇ ತೀರಿಕೊಂಡ. ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ ತ್ರಿಕೋನಗಳ ಸಾಲನ್ನು ಹಿಮಾಲಯದ ತಪ್ಪಲಿಗೆ ಮುಟ್ಟಿಸಿದ. 1865ರಲ್ಲಿ ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಅವನ ಹೆಸರನ್ನೇ ಇಟ್ಟರು.

ಕಾಲಾನಂತರ ನಕ್ಷತ್ರಗಳ ಕೆಲಸವನ್ನು ಉಪಗ್ರಹಗಳು ವಹಿಸಿಕೊಂಡವು. ಸಾರ್ವಜನಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಅಮೆರಿಕ ಬೇಕೆಂದೇ ಮಸುಕಾಗಿಸಿತ್ತು. 2000ದ ಮೇ 2ರಂದು ಆ ಮಸುಕು ತೆಗೆಯಿತು. ನೂರು ಮೀಟರಿನಷ್ಟಿದ್ದ ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಮರುದಿನವೇ ಆರೆಗಾನ್ ರಾಜ್ಯದ ಡೇವ್ ಅಲ್ಮರ್ ಎಂಬಾತ ಕಾಡಂಚಿನಲ್ಲಿ ಬಕೆಟ್ ಒಂದನ್ನು ಅಡಗಿಸಿ, ಅದರ ಅಂಕಿಗಳನ್ನು ಇಂಟರ್‌ನೆಟ್‌ನಲ್ಲಿ ಪ್ರಕಟಿಸಿದ. ಆಟ ಶುರುವಾದದ್ದು ಹೀಗೆ.

ನಮ್ಮ ಬೆಟ್ಟಗಳಿಗೆ ನಿಧಿಯ ಕಥೆಗಳೇನೂ ಹೊಸತಲ್ಲ. ಆದರೆ ನಿಧಿಗಳ್ಳರು ಹಳೆಯ ಗುಡಿಗಳ ನೆಲ ಅಗೆದು, ವಿಗ್ರಹಗಳನ್ನು ಕಿತ್ತು ಹೋಗುತ್ತಾರೆ. ಈ ಆಟದ ಕಟ್ಟಳೆ ಬೇರೆ: ನೆಲ ಅಗೆಯಬಾರದು, ಡಬ್ಬಿಯಿಂದ ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನು ಅಲ್ಲಿಡಬೇಕು, ಡಬ್ಬಿಯನ್ನು ಇದ್ದಲ್ಲೇ ಬಿಟ್ಟು ಬರಬೇಕು.

ಬೆಟ್ಟಕ್ಕೆ ಅದಕ್ಕಿಂತ ದೊಡ್ಡ ಅಪಾಯ ಕಲ್ಲುಗಣಿಯದು. ಕನ್ನಂಬಾಡಿ ಕಟ್ಟೆಗೆ ಸಮೀಪದ ಬೇಬಿ ಬೆಟ್ಟದ ಗಣಿಗಾರಿಕೆ ವರ್ಷಗಟ್ಟಲೆ ವಿವಾದದಲ್ಲಿದೆ. ಸಿಡಿಮದ್ದಿಗೆ ಬೆಟ್ಟ ಕರಗಿದರೂ ಅದರ ಅಕ್ಷಾಂಶ, ರೇಖಾಂಶ ಅಳಿಯುವುದಿಲ್ಲ. ಆದರೆ ಆ ಅಂಕಿಗಳನ್ನು ಹಿಡಿದು ಹೋದವರಿಗೆ ಅಲ್ಲಿ ಹತ್ತಲು ಬೆಟ್ಟವೇ ಇರುವುದಿಲ್ಲ.